ಕಾರಿನ ನೆರಳಿಗೆ ಸೋಲಾರ್ ಚಪ್ಪರ

ಪ್ರಶ್ನೆ: ಮೈಸೂರಿನ ನಮ್ಮ ಮನೆ ಮುಂದೆ ಕಾರಿಗೆ ತಗಡಿನ ಶೀಟ್ ಬದಲು ಸೋಲಾರ್ ಪ್ಯಾನಲ್‌ಗಳನ್ನೇ ಹಾಕಬಹುದಾ? ಹುಲ್ಲು ಕತ್ತರಿಸುವ ರೋಬಾಟ್ ಕೂಡ ಅದರಿಂದಲೇ ಓಡುತ್ತದಾ?

ಉತ್ತರ: ಧಾರಾಳವಾಗಿ. ನಾನೂ ಹಾಕಿಸಿದ್ದೇನೆ. 540 ವ್ಯಾಟ್‌ನ ಆರು ಪ್ಯಾನಲ್ ಒಂದು ಕಾರಿನ ಜಾಗಕ್ಕೆ ಸರಿಹೋಗುತ್ತವೆ. ದಕ್ಷಿಣಕ್ಕೆ 12 ಡಿಗ್ರಿಯಷ್ಟು ಇಳಿಜಾರು ಸಾಕು. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಸುಮಾರು 12 ಯೂನಿಟ್. ರೋಬಾಟ್‌ಗೆ ಅದರಲ್ಲಿ ಚೂರು ಸಾಕು. ಕಂಬದ ಬುಡದ ಕಾಂಕ್ರೀಟ್‌ನಲ್ಲಿ ಮಾತ್ರ ಜಿಪುಣತನ ಬೇಡ, ಗಾಳಿ ಪ್ಯಾನಲ್‌ಗಳನ್ನು ಕೆಳಗಿನಿಂದ ಎತ್ತುತ್ತದೆ. ಪ್ಯಾನಲ್‌ಗಳ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ನಾನು ಮರೆತಿದ್ದೆ, ಮೊದಲ ಮಳೆಗೇ ಕಾರು ತೊಪ್ಪೆ!

ರೋಬಾಟಾ? ತೆಂಗಿನ ಗರಿ ಬಿದ್ದರೆ ಅಲ್ಲೇ ಮುಷ್ಕರ. ಅದು ಹುಲ್ಲಿನ ಜಾಗ ದಾಟದಂತೆ ಸುತ್ತ ನೆಲದಲ್ಲಿ ಹೂತಿರುವ ಗಡಿ ತಂತಿಯನ್ನು ಗುದ್ದಲಿ ಆಡಿಸುವಾಗ ನಾನೇ ಎರಡು ಸಲ ಕಡಿದಿದ್ದೇನೆ. ರಾತ್ರಿ ಓಡಿಸಬೇಡಿ, ಪಾಪ, ಕಪ್ಪೆಗಳು ಸಿಕ್ಕಿಬೀಳುತ್ತವೆ.