ವೆಲ್ಡಿಂಗ್ ಮಷೀನ್ ಇಲ್ಲದೆ ಮನೆಯಲ್ಲೇ ಲಾಕ್ ಪಿಕ್ ಮಾಡಿಕೊಳ್ಳುವುದು ಹೇಗೆ?

ಹವ್ಯಾಸಕ್ಕೆ ಬೀಗ ಬಿಡಿಸುವುದನ್ನು ಕಲಿಯಬೇಕು, ಪಿಕ್‌ಗೆ ಹಿಡಿ ಕೂಡಿಸಲು ವೆಲ್ಡಿಂಗ್ ಇಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಕೂಡಿಸುವ ಪ್ರಶ್ನೆಯೇ ಇಲ್ಲ. ಪಿಕ್ ಎಂದರೆ ಬೀಗದೊಳಗಿನ ಪಿನ್‌ಗಳನ್ನು (ಕೀಲಿಕೈ ಎತ್ತುವ ಸಣ್ಣ ಕಡ್ಡಿಗಳನ್ನು) ಒಂದೊಂದಾಗಿ ಎತ್ತುವ ಸಾಧನ, ತುದಿಯಿಂದ ಹಿಡಿಯವರೆಗೆ ಒಂದೇ ಉಕ್ಕಿನ ಪಟ್ಟಿ. ವೆಲ್ಡಿಂಗ್ ಮಷೀನ್ ಇದ್ದರೂ ಇದರ ಹತ್ತಿರ ತರಬೇಡಿ: ಆ ಬಿಸಿಗೆ ಉಕ್ಕಿನ ಹದ ಹೋಗುತ್ತದೆ, ಹದ ಹೋದ ಪಿಕ್ ಮೊದಲ ಪಿನ್ನಿಗೇ ತಗಡಿನ ಹಾಗೆ ಬಾಗುತ್ತದೆ.

ಮೊದಲು ಬೀಗದ ಕೀಲಿಕೈ ನೋಡಿ. ಚಪ್ಪಟೆ ಪಟ್ಟಿಯ ಒಂದು ಅಂಚಿಗೆ ಗರಗಸದಂತೆ ಕಚ್ಚುಗಳಿದ್ದರೆ ಅದು ಪಿನ್ ಬೀಗ. ಕೆಳಗೆ ಹೇಳುವುದೆಲ್ಲ ಅದಕ್ಕೆ. ದುಂಡು ಕಡ್ಡಿಯ ತುದಿಯಲ್ಲಿ ಚೌಕ ಹಲ್ಲುಗಳಿದ್ದರೆ ಲಿವರ್ ಬೀಗ. ಅಲೀಗಢದ ಕಡೆಯಿಂದ ಬರುವ ಹಳೇ ಮಾದರಿಯ ಬೀಗಗಳಲ್ಲಿ ಇವು ಬಹಳ, ಈ ಪಿಕ್ ಅವಕ್ಕೆ ಆಗಿಬರುವುದಿಲ್ಲ. ಅಭ್ಯಾಸಕ್ಕೆ ಬೇರೆಯೇ ಒಂದು 40 ಮಿ.ಮೀ. ಹಿತ್ತಾಳೆ ಪಿನ್ ಬೀಗ ಕೊಂಡುಕೊಳ್ಳಿ. ಮನೆ ಬಾಗಿಲಿನ ಬೀಗದಲ್ಲಿ ಕಲಿಯಲು ಹೋದರೆ ಒಳಗಿನ ಸ್ಪ್ರಿಂಗ್ ಕೆಟ್ಟು ನೀವೇ ಹೊರಗೆ ಉಳಿಯುತ್ತೀರಿ. ಇನ್ನೊಬ್ಬರ ಬೀಗದ ಮಾತೇ ಬೇಡ. ಮಾಡಿದ ಸಾಮಾನು ಮೇಜಿನ ಡ್ರಾಯರ್‌ನಲ್ಲೇ ಇರಲಿ. ರಾತ್ರಿ ಹೊತ್ತು ಜೇಬಿನಲ್ಲಿಟ್ಟುಕೊಂಡು ಓಡಾಡಿದರೆ ಪೊಲೀಸರಿಗೆ ವಿವರಣೆ ಕೊಡುವ ಹೊಣೆ ನಿಮ್ಮದು.

ಉಕ್ಕಿಗೆ ಎರಡು ಒಳ್ಳೆಯ ಮೂಲಗಳಿವೆ. ಒಂದು, ಗ್ಯಾರೇಜಿನವರು ಎಂಜಿನ್ನಿನ ಟ್ಯಾಪೆಟ್ ಸೆಟ್ ಮಾಡುವಾಗ ಸಂದು ಅಳೆಯುವ ಫೀಲರ್ ಗೇಜ್, ಅಂದರೆ ತೆಳು ಉಕ್ಕಿನ ಎಲೆಗಳ ಕಟ್ಟು. ಪ್ರತಿ ಎಲೆಯ ಮೇಲೂ ದಪ್ಪ ಕೊರೆದಿರುತ್ತದೆ, 0.50 ಮತ್ತು 0.60 ಮಿ.ಮೀ. ಎಲೆಗಳನ್ನು ತೆಗೆದುಕೊಳ್ಳಿ. ಕೀಲಿಕೈ ತೂರುವ ಕಿಂಡಿ ತೀರಾ ಇಕ್ಕಟ್ಟಾಗಿದ್ದರೆ 0.40. ಇನ್ನೊಂದು, 12 ಇಂಚಿನ ಹ್ಯಾಕ್ಸಾ ಬ್ಲೇಡ್, ಸುಮಾರು 0.63 ಮಿ.ಮೀ. ದಪ್ಪ. ಇಲ್ಲಿ ಬಹಳ ಜನ ಎಡವುತ್ತಾರೆ. ಪೂರ್ತಿ ಗಡಸಾದ ಹೈಸ್ಪೀಡ್ ಸ್ಟೀಲ್ ಬ್ಲೇಡ್ ಬಾಗುವುದೇ ಇಲ್ಲ, ಪಟ್ಟನೆ ಮುರಿಯುತ್ತದೆ, ಅರವೂ ಅದರ ಮೇಲೆ ಜಾರುತ್ತದೆ. ಕೊಳ್ಳುವಾಗ ‘ಫ್ಲೆಕ್ಸಿಬಲ್’ ಅಥವಾ ‘ಬೈಮೆಟಲ್’ ಎಂದೇ ಕೇಳಿ. ಅವುಗಳಲ್ಲಿ ಹಲ್ಲಿನ ಅಂಚು ಮಾತ್ರ ಗಡಸು, ಬೆನ್ನು ಸ್ಪ್ರಿಂಗಿನಂತೆ ಬಾಗಿ ವಾಪಸ್ ಬರುತ್ತದೆ. ತಂತಿ, ಹೇರ್‌ಪಿನ್, ಸೇಫ್ಟಿಪಿನ್ ಸಿನಿಮಾಕ್ಕೆ ಸರಿ.

ಬ್ಲೇಡನ್ನು 15 ಸೆಂ.ಮೀ.ನ ಎರಡು ತುಂಡು ಮಾಡಿ: ಎರಡೂ ಬದಿಗೆ ಆಳವಾಗಿ ಗೀರಿ, ವೈಸ್‌ಗೆ ಕಚ್ಚಿಸಿ, ಮೇಲೆ ದಪ್ಪ ಬಟ್ಟೆ ಹಾಕಿ ಮುರಿಯಿರಿ. ಕನ್ನಡಕ ಕಡ್ಡಾಯ, ಚೂರು ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು. ಹಲ್ಲುಗಳನ್ನು ಮೊದಲೇ ಉಜ್ಜಿ ತೆಗೆಯಿರಿ. ಆಮೇಲೆ ಕಾಗದದ ಮೇಲೆ ಆಕಾರ ಬರೆದು ಕತ್ತರಿಸಿ ಪಟ್ಟಿಗೆ ಅಂಟಿಸಿ. ಹಿಡಿ 10 ಸೆಂ.ಮೀ., ಬೀಗದೊಳಗೆ ಹೋಗುವ ಭಾಗ 5 ಸೆಂ.ಮೀ. ಆ ಭಾಗದ ಎತ್ತರ ಹಿಡಿಯ ಹತ್ತಿರ 2.5 ಮಿ.ಮೀ., ತುದಿಯ ಕಡೆಗೆ 2ಕ್ಕೆ ಇಳಿಯಲಿ. ಮೊದಲ ಪಿಕ್ ಆಗಿ ಸಣ್ಣ ಕೊಕ್ಕೆ ಸಾಕು: ತುದಿ ಸುಮಾರು 1 ಮಿ.ಮೀ. ಮಾತ್ರ ಮೇಲೆದ್ದಿರಬೇಕು, ಮೂತಿ ದುಂಡಗಿರಬೇಕು. ಚೂಪು ಬಿಟ್ಟರೆ ಪಿನ್ನನ್ನು ಎತ್ತುವ ಬದಲು ಕೆರೆಯುತ್ತದೆ. ಹತ್ತು ಬಗೆಯ ಸೆಟ್ ಮಾಡುವ ಆಸೆ ಸದ್ಯಕ್ಕೆ ಬಿಡಿ.

ಅಂಟಿಸಿದ ಆಕಾರಕ್ಕೆ ಉಜ್ಜುವಾಗ ಹೆಚ್ಚಿನ ಪಿಕ್‌ಗಳು ಹಾಳಾಗುವುದು ಲೋಹ ಉಜ್ಜುವ ಗ್ರೈಂಡರಿನಲ್ಲಿ. ಎರಡು ಸೆಕೆಂಡು ಹಿಡಿದು ನೀರಿಗೆ ಅದ್ದಿ, ಮತ್ತೆ ಎರಡು ಸೆಕೆಂಡು. ಕೈಗವಸಿಲ್ಲದೆ ಬೆರಳಿನಲ್ಲಿ ಹಿಡಿದಿದ್ದರೆ, ಹಿಡಿಯಲಾಗದಷ್ಟು ಬಿಸಿಯಾದಾಗ ನಿಲ್ಲಿಸಬೇಕೆಂದು ಬೆರಳೇ ಹೇಳುತ್ತದೆ. ಅಂಚು ನೀಲಿ ತಿರುಗಿತು ಎಂದರೆ ಅಲ್ಲಿ ಸುಮಾರು 300 ಡಿಗ್ರಿ ಮುಟ್ಟಿದೆ. ಬೂದು ಬಣ್ಣಕ್ಕೆ ಹೋದರೆ ಆ ಜಾಗ ಮೆತ್ತಗಾಯಿತು, ಅಷ್ಟನ್ನು ಕತ್ತರಿಸಿ ತೆಗೆಯುವುದೇ ದಾರಿ. ಗ್ರೈಂಡರ್ ಇಲ್ಲದಿದ್ದರೆ ಕೊರಗಬೇಡಿ. ಡೈಮಂಡ್ ಸೂಜಿ ಅರದಲ್ಲಿ ಒಂದೆರಡು ಗಂಟೆ ಹಿಡಿಯಬಹುದು, ಆದರೆ ಹದ ಕೆಡುವ ಭಯವೇ ಇರುವುದಿಲ್ಲ.

ನಂತರ 220, 400, 800, 1200 ನಂಬರಿನ ಎಮರಿ ಪೇಪರ್, ಇದೇ ಕ್ರಮದಲ್ಲಿ, ಯಾವಾಗಲೂ ಉದ್ದಕ್ಕೆ. ಅಡ್ಡಗೀರು ಉಳಿದರೆ ಪಿಕ್ ಮುರಿಯುವುದು ಆ ಗೀರಿನಲ್ಲೇ. ಕೊನೆಗೆ ಬ್ರಾಸ್ಸೋ ಹಾಕಿ ಉಜ್ಜಿ. ಇದು ಅಂದಕ್ಕಲ್ಲ, ಪಿನ್ ಕೂತಾಗ ಬರುವ ಸಣ್ಣ ‘ಟಿಕ್’ ಬೆರಳಿಗೆ ತಿಳಿಯಬೇಕಾದರೆ ಲೋಹ ನುಣುಪಾಗಿರಬೇಕು. ಹಿಡಿಗೆ ಎರಡು ಐಸ್‌ಕ್ರೀಂ ಕಡ್ಡಿಗಳನ್ನು ಎರಡೂ ಬದಿಗೆ ಅರಾಲ್ಡೈಟ್‌ನಲ್ಲಿ ಅಂಟಿಸಿ ಒಂದು ರಾತ್ರಿ ಬಿಡಿ. ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಟ್ಯೂಬ್ ಹಾಕುವುದಾದರೆ ಬಿಸಿಗಾಳಿ ಹಿಡಿಯ ಕಡೆಗೆ ಮಾತ್ರ.

ಇನ್ನು ಟೆನ್ಶನ್ ಕಡ್ಡಿ, ಅಂದರೆ ಪಿಕ್ ಪಿನ್‌ಗಳನ್ನು ಎತ್ತುತ್ತಿರುವಾಗ ಕೀಲಿಕೈ ತಿರುಗುವ ಕಡೆಗೆ ಕಿಂಡಿಯನ್ನು ಹಗುರವಾಗಿ ಒತ್ತಿ ಹಿಡಿಯುವ ಕಡ್ಡಿ. ಬೀಗ ತೆರೆಯದಿದ್ದಾಗ ಎಲ್ಲರೂ ಪಿಕ್ಕನ್ನು ಬೈಯುತ್ತಾರೆ, ತಪ್ಪು ಸಾಮಾನ್ಯವಾಗಿ ಇದರದ್ದು. ಕಾರಿನ ಹಳೇ ವೈಪರ್ ರಬ್ಬರಿನೊಳಗೆ ಎರಡು ಸ್ಟೇನ್‌ಲೆಸ್ ಪಟ್ಟಿಗಳಿರುತ್ತವೆ, ಗ್ಯಾರೇಜಿನಲ್ಲಿ ಬಿಸಾಡುವ ಮಾಲು. 9 ಸೆಂ.ಮೀ. ಕತ್ತರಿಸಿ, ತುದಿಯಿಂದ 10-12 ಮಿ.ಮೀ. ಬಿಟ್ಟು ಇಕ್ಕಳದಲ್ಲಿ ನಿಧಾನವಾಗಿ 90 ಡಿಗ್ರಿ ಬಗ್ಗಿಸಿ. ಒಳಮೂಲೆ ಚೂಪಾಗದಂತೆ 3 ಮಿ.ಮೀ. ಮೊಳೆಯ ಸುತ್ತ ಬಗ್ಗಿಸಿದರೆ ಬಿರುಕು ಬಿಡುವುದಿಲ್ಲ. ಪಟ್ಟಿ ಕಿಂಡಿಯಲ್ಲಿ ಅಲ್ಲಾಡದೆ ಕೂರಬೇಕು, ಆದರೆ ಪಿಕ್‌ಗೆ ಜಾಗ ಬಿಡಬೇಕು. ಅಗಲವಾದರೆ ಅರದಿಂದ ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಹಾಕಿ ನೋಡಿ. ಒತ್ತಡ ಫೋನಿನ ಬಟನ್ ಒತ್ತುವಷ್ಟು. ಅದಕ್ಕಿಂತ ಜೋರಾದರೆ ಪಿನ್‌ಗಳೆಲ್ಲ ಕಚ್ಚಿಕೊಳ್ಳುತ್ತವೆ, ನೀವು ಪಿಕ್‌ಗೆ ಬಲ ಹಾಕುತ್ತೀರಿ, ತುದಿ ಒಳಗೇ ಉಳಿಯುತ್ತದೆ.

ಹಾಗೇನಾದರೂ ಆದರೆ ಮೊದಲು ಟೆನ್ಶನ್ ಕಡ್ಡಿ ತೆಗೆಯಿರಿ. ಕಿಂಡಿ ಕೆಳಮುಖವಾಗಿ ಹಿಡಿದು ಮರದ ತುಂಡಿನಿಂದ ಬೀಗದ ಬೆನ್ನಿಗೆ ತಟ್ಟಿ, ಜಗ್ಗದಿದ್ದರೆ 0.40ರ ಎಲೆಯಿಂದ ಕಿರಿದಾಗಿ ಸೀಳಿದ ಪಟ್ಟಿಗೆ ಹಿಮ್ಮುಖ ಕಚ್ಚು ಮಾಡಿ ಚೂರಿನ ಪಕ್ಕ ತೂರಿಸಿ ಎಳೆಯಿರಿ.