ಜೋಕ್ ಎಲ್ಲಿದೆ ಅಮ್ಮ?

ಹಾಸನ ಜಿಲ್ಲೆಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ಮುಖ್ಯ ಭಾಗ ಇದು:

“ಸಂಪಾದಕರೇ, ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ನನ್ನನ್ನು ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನಾಟಕಕ್ಕೆ ಕರೆದುಕೊಂಡು ಹೋಗಿದ್ದರು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವತ್ತು ಅಪ್ಪನಷ್ಟು ಜೋರಾಗಿ ನಕ್ಕವರು ಅಲ್ಲಿ ಯಾರೂ ಇರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಒಂದು ಮಾತೂ ಆಡಲಿಲ್ಲ. ಆಮೇಲೆ ಹಿರಣ್ಣಯ್ಯನವರ ನಾಟಕ ಸುತ್ತಮುತ್ತ ಎಲ್ಲಿ ಬಂದರೂ ನಾನು ಬಿಡಲಿಲ್ಲ. 2019ರಲ್ಲಿ ಅವರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂತು. ಒಲೆ ಮೇಲೆ ಹಾಲಿಟ್ಟಿದ್ದೆ. ಅಳುತ್ತಾ ಕೂತೆ, ಹಾಲೆಲ್ಲ ಉಕ್ಕಿ ಹೋಯಿತು. ‘ನಿನ್ನ ಸೋದರಮಾವ ಹೋದಾಗಲೂ ನೀನು ಇಷ್ಟು ಅತ್ತಿರಲಿಲ್ಲ’ ಅಂತ ನಮ್ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಹೋದ ತಿಂಗಳು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯೂಟ್ಯೂಬಿನಲ್ಲಿ ಅವರ ನಾಟಕ ಹಾಕಿದೆ. ಹತ್ತು ನಿಮಿಷ ನೋಡಿ ‘ಜೋಕ್ ಎಲ್ಲಿದೆ ಅಮ್ಮ?’ ಅಂದ. ನಾಚಿಕೆಯ ವಿಷಯ ಅಂದ್ರೆ, ನನಗೂ ನಗು ಬರಲಿಲ್ಲ. ಹಾಗಾದರೆ ಅವತ್ತು ಅತ್ತದ್ದು ಅತಿಯಾಯಿತಾ? ನನ್ನ ನಗುವಿಗೆ ಏನಾಯಿತು?”

ಪ್ರಿಯ ಓದುಗರೇ,

ಅತಿಯಾಗಲಿಲ್ಲ. ಸೋದರಮಾವನ ಸಾವಿಗೆ ಅಳಲು ನಿಮ್ಮ ಜೊತೆ ಹತ್ತು ಜನ ಇದ್ದರು. ಸೂತಕ ಇತ್ತು, ಹನ್ನೊಂದನೇ ದಿನ ಇತ್ತು, ಕೊನೆಗೆ ವಡೆ ಪಾಯಸವೂ ಇತ್ತು. ಊರಿನವರು ಬಂದು ‘ಹೇಗಾಯ್ತು?’ ಅಂತ ಕೇಳಿದರು. ನೀವು ಇಪ್ಪತ್ತು ಸಲ ಅದೇ ಕತೆ ಹೇಳಿದಿರಿ. ಹೇಳ್ತಾ ಹೇಳ್ತಾ ದುಃಖ ಅರ್ಧ ಕರಗಿತು. ಆದರೆ ನಾಟಕದವರು ಸತ್ತರೆ ನೋಡುವವರಿಗೆ ಸೂತಕ ಇಲ್ಲ. ಯಾರೂ ನಿಮ್ಮ ಮನೆಗೆ ಬಂದು ‘ಹಿರಣ್ಣಯ್ಯನವರು ಹೋದರಂತೆ, ನಿಮಗೆ ಹೇಗಾಗಿದೆಯೋ’ ಅಂತ ಕೇಳಲ್ಲ. ಒಬ್ಬರೇ ಒಲೆ ಮುಂದೆ ಕೂತು ಅಳಬೇಕು. ಹಾಲು ಉಕ್ಕದೆ ಏನಾಗುತ್ತೆ?

ಇನ್ನು ನಗುವಿನ ವಿಷಯ. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ಯಾಕಂದ್ರೆ ನಿಮಗೆ ಆದದ್ದು ನನಗೂ ಆಗಿದೆ.

ನಾನು ಅವರ ನಾಟಕ ಮೊದಲು ನೋಡಿದ್ದು ನಮ್ಮೂರ ಜಾತ್ರೆಯ ಕಾಲದಲ್ಲಿ. ಜಿಂಕ್ ಶೀಟಿನ ಗೋಡೆ, ಮುಂದೆ ಕುರ್ಚಿ, ಹಿಂದೆ ಬೆಂಚು, ಅದರ ಹಿಂದೆ ನೆಲ. ನನ್ನದು ಬೆಂಚು. ನಿಜ ಹೇಳಲಾ? ಅವತ್ತಿನ ಒಂದೇ ಒಂದು ಜೋಕು ನನಗೆ ನೆನಪಿಲ್ಲ. ನೆನಪಿರುವುದು ಮುಂದಿನ ಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಧಿಕಾರಿಯ ಕುತ್ತಿಗೆ. ಬಿಳಿ ಷರ್ಟು, ಕಾಲರಿನ ಒಳಗೆ ಮಡಿಸಿ ಇಟ್ಟ ಕರ್ಚೀಫು, ಅದರ ಮೇಲೆ ಎರಡು ಮಡಿಕೆ ಬಿದ್ದ ಕುತ್ತಿಗೆ. ಅವರು ನಕ್ಕಾಗ ಆ ಮಡಿಕೆ ಎರಡೂ ಕುಣಿಯುತ್ತಿದ್ದವು. ಇದ್ದಕ್ಕಿದ್ದಂತೆ ಕುಣಿತ ನಿಂತಿತು. ರಂಗದ ಮೇಲಿನ ಮಾತು ಎಲ್ಲೋ ಅವರ ಟೇಬಲ್ಲಿನ ಹತ್ತಿರ ಬಂದಿರಬೇಕು. ಸುತ್ತಲಿನ ಜನ ಚಪ್ಪಾಳೆ ತಟ್ಟುತ್ತಾ ಅವರ ಕಡೆಯೇ ತಿರುಗಿದರು. ಪಾಪ, ಎದ್ದು ಹೋಗುವ ಹಾಗಿಲ್ಲ. ಹೋದರೆ ‘ತಾನೇ’ ಅಂತ ಒಪ್ಪಿಕೊಂಡ ಹಾಗೆ. ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ಮತ್ತೆ ನಗಲು ಶುರು ಮಾಡಿದರು, ಮೊದಲಿಗಿಂತ ಜೋರಾಗಿ.

ನಿಮ್ಮ ಅಪ್ಪನ ನಗು ಓದಿದಾಗ ನನಗೆ ಆ ಕುತ್ತಿಗೆ ನೆನಪಾಯಿತು. ತಪ್ಪು ತಿಳಿಯಬೇಡಿ. ನೀವೇ ಪತ್ರದ ಮೂರನೇ ಪುಟದಲ್ಲಿ ಬರೆದಿದ್ದೀರಿ, ‘ಮಾರನೇ ದಿನ ಸಂಜೆ ಎಂದಿನಂತೆ ಜಿಲೇಬಿ ಪೊಟ್ಟಣ ಬಂತು, ಯಾರು ಕೊಟ್ಟರು ಅಂತ ಅಮ್ಮ ಎಂದಿನಂತೆ ಕೇಳಲಿಲ್ಲ’ ಅಂತ. ಆ ಎರಡು ‘ಎಂದಿನಂತೆ’ ಓದಿ ನಾನು ಪತ್ರವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ.

‘ಲಂಚಾವತಾರ’ ಸಾವಿರಾರು ಪ್ರದರ್ಶನ ಕಂಡಿತು. ಅದನ್ನು ನೋಡಿ ಲಂಚ ಬಿಟ್ಟವರನ್ನು ನಾನಂತೂ ಕಂಡಿಲ್ಲ. ಲಂಚ ನಿಂತಿದ್ದರೆ ನಾಟಕವೂ ನಿಲ್ಲಬೇಕಿತ್ತು ಅಲ್ವಾ? ಎರಡೂ ಹೌಸ್‌ಫುಲ್. ಇನ್ನೊಂದು ತಮಾಷೆ ನೋಡಿ. ನಮ್ಮೂರಿಗೆ ಯಾವ ನಾಟಕ ಕಂಪನಿ ಕ್ಯಾಂಪ್ ಹಾಕಿದರೂ ಮೊದಲೆರಡು ಸಾಲು ಪಾಸಿನವರದು. ಲೈಸೆನ್ಸ್ ಕೊಟ್ಟವರು, ಕರೆಂಟ್ ಕೊಟ್ಟವರು, ಬಂದೋಬಸ್ತಿನವರು, ಅವರ ಮನೆಯವರು. ದುಡ್ಡು ಕೊಟ್ಟ ನಾವು ಹಿಂದೆ. ಆ ಪಾಸೂ ಒಂದು ಥರದ ಮಾಮೂಲಿಯೇ. ಪುಕ್ಕಟೆ ಪಾಸು ಹಿಡಿದು ಮುಂದೆ ಕೂತವರಿಗೇ ಬೈಗುಳದ ಮೊದಲ ಪಾಲು ಸಿಗುತ್ತಿತ್ತು.

ಇದು ಹೇಗೆ ಸಾಧ್ಯವಾಯಿತು ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಹಳೆಯ ಕಂಪನಿ ನಾಟಕಗಳಲ್ಲಿ ಹಾಸ್ಯಗಾರನ ಕೆಲಸ ಏನಿತ್ತು ಗೊತ್ತಾ? ಅರಮನೆಯ ಸೀನು ಮುಗಿದು ಕಾಡಿನ ಸೀನು ಬರಬೇಕು. ಹಿಂದೆ ಸೀನರಿ ಎಳೆಯಬೇಕು, ಕಂಬ ಎತ್ತಿಡಬೇಕು. ಅಷ್ಟು ಹೊತ್ತು ಮುಂದೆ ಒಂದು ಪರದೆ ಇಳಿಬಿಟ್ಟು ಹಾಸ್ಯಗಾರನನ್ನು ಬಿಡುತ್ತಿದ್ದರು. ಹಿಂದಿನ ಗಡಗಡ ಸದ್ದು ಜನಕ್ಕೆ ಕೇಳಿಸಬಾರದು, ಅಷ್ಟೇ. ಕಾಡು ಇನ್ನೂ ರೆಡಿಯಾಗಿಲ್ಲ ಅಂದ್ರೆ ಅವನು ಎಳೆಯಬೇಕು. ಜನ ‘ಒನ್ಸ್ ಮೋರ್’ ಅಂದ್ರೆ ಮತ್ತೆ ಮಾಡಬೇಕು. ಬರೆದುಕೊಟ್ಟ ಮಾತು ಎಷ್ಟು ಅಂತ ಸಾಲುತ್ತೆ? ಬಾಯಿಗೆ ಬಂದದ್ದು ಸೇರಿಸಲೇಬೇಕು. ಆ ಊರಿನ ಚರಂಡಿ, ಆ ಊರಿನ ಸಾಹುಕಾರ, ಬೆಳಗ್ಗೆ ಕುಡಿದ ಹೋಟೆಲಿನ ಕಾಫಿ, ಎಲ್ಲ ಒಳಗೆ ಬರುತ್ತಿತ್ತು.

ಹಿರಣ್ಣಯ್ಯನವರ ತಂದೆ ಕೆ. ಹಿರಣ್ಣಯ್ಯ ಆ ಕಾಲದ ಹೆಸರಾಂತ ಹಾಸ್ಯನಟರು, ಸ್ವಂತ ಕಂಪನಿ ಕಟ್ಟಿದವರು. 1953ರಲ್ಲಿ ತಂದೆ ಹೋದಾಗ ಮಗ ನರಸಿಂಹಮೂರ್ತಿಗೆ ಇಪ್ಪತ್ತು ತುಂಬಿರಲಿಲ್ಲ. ಆ ನರಸಿಂಹಮೂರ್ತಿಯೇ ಮಾಸ್ಟರ್ ಹಿರಣ್ಣಯ್ಯ. ಕಂಪನಿಯ ಜೊತೆಗೆ ತಂದೆಯ ಹೆಸರನ್ನೂ ಹೊತ್ತುಕೊಂಡರು. ಅವರು ಮಾಡಿದ ದೊಡ್ಡ ಕೆಲಸ, ನನ್ನ ಲೆಕ್ಕದಲ್ಲಿ, ಇದು: ಪರದೆಯ ಮುಂದಿನ ಆ ಹತ್ತು ನಿಮಿಷವನ್ನೇ ಎಳೆದು ಎಳೆದು ಮೂರು ಗಂಟೆ ಮಾಡಿಬಿಟ್ಟರು. ‘ನಡುಬೀದಿ ನಾರಾಯಣ’, ‘ಮಕ್ಮಲ್ ಟೋಪಿ’, ‘ಕಪಿಮುಷ್ಟಿ’, ಯಾವುದನ್ನೇ ತಗೊಳ್ಳಿ. ಕತೆ ಒಂದು ಹಗ್ಗ ಕಟ್ಟಿದ ಹಾಗೆ, ಅಷ್ಟೇ. ಅದರ ಮೇಲೆ ಇವರು ಅವತ್ತಿನ ಬಟ್ಟೆ ಒಣಗಿಹಾಕುತ್ತಿದ್ದರು. ಬೆಳಗಿನ ಪೇಪರಿನ ಸುದ್ದಿ ರಾತ್ರಿಯ ನಾಟಕದಲ್ಲಿ. ಅಂದ ಹಾಗೆ, ಓದುವ ಕಾಲದಲ್ಲಿ ಫೀಸಿಗಾಗಿ ಮೈಸೂರಿನಲ್ಲಿ ಪೇಪರ್ ಮಾರಿದವರು ಅವರು. ಆಮೇಲೆ ಜೀವನಪೂರ್ತಿ ಮಾಡಿದ್ದೂ ಒಂಥರಾ ಅದೇ ಅನ್ನಿಸುತ್ತೆ ನನಗೆ. ಸ್ವಲ್ಪ ಜೋರಾಗಿ ಕೂಗಿದರು. ಆ ಕೂಗಿಗಾಗಿ ಕೋರ್ಟು ಕಚೇರಿ ಅಲೆದದ್ದೂ ಉಂಟು.

ಈಗ ನಿಮ್ಮ ಮಗನ ಪ್ರಶ್ನೆಗೆ ಬರೋಣ. ಪೇಪರಿನ ಆಯಸ್ಸು ಎಷ್ಟು? ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು! ನಮ್ಮ ಆಫೀಸಿನ ಬೀರುವಿನಲ್ಲಿ ‘ಕೊರವಂಜಿ’ಯ ಹಳೆಯ ಸಂಚಿಕೆಗಳಿವೆ. ‘ರಾಶಿ’ ಅಂದರೆ ಡಾ. ಎಂ. ಶಿವರಾಂ ಅವರು 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ, 25 ವರ್ಷ ನಡೆಸಿದರು. ಕೆಲಸ ಕಡಿಮೆ ಇದ್ದಾಗ ನಾನು ತೆಗೆದು ಓದುತ್ತೇನೆ. ಗಂಡ ಹೆಂಡತಿಯ ಜಗಳದ ಜೋಕು ಇವತ್ತೂ ನಗಿಸುತ್ತೆ. ರೇಷನ್ನು, ಆಗಿನ ಮಂತ್ರಿ ಮಹಾಶಯರು ಅಂತ ಬಂದರೆ ಮಾತ್ರ ಪಕ್ಕದಲ್ಲಿ ತಾತ ಇರಬೇಕು. ತಾತ ವಿವರಿಸಿ ಮುಗಿಸುವಷ್ಟರಲ್ಲಿ ನಗು ಬಸ್ ಹತ್ತಿ ಹೋಗಿರುತ್ತದೆ.

ಸಿನಿಮಾದ ಹಾಸ್ಯನಟ ನರಸಿಂಹರಾಜು ಅವರ ಕತೆ ಬೇರೆ. ತಿಪಟೂರಿನವರು, ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರು. 1954ರಲ್ಲಿ ರಾಜಕುಮಾರ್ ನಾಯಕರಾಗಿ ಬಂದ ಚಿತ್ರದಲ್ಲೇ ಇವರೂ ಸಿನಿಮಾಕ್ಕೆ ಬಂದರು. 1979ರ ಜುಲೈ 11ರಂದು ಹೋದರು, ಇನ್ನೂ 56 ತುಂಬಿರಲಿಲ್ಲ. ಅವತ್ತು ನಮ್ಮಮ್ಮ ಮಧ್ಯಾಹ್ನ ಊಟ ಬಿಟ್ಟಿದ್ದರು. ಆದರೆ ಆಮೇಲೆ ಎಷ್ಟೋ ಸಲ ಅದೇ ಅಮ್ಮ ಟಿವಿಯಲ್ಲಿ ಅವರನ್ನು ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕರು. ಈಗ ನನ್ನ ಮೊಮ್ಮಗಳು ನಗುತ್ತಾಳೆ. ಕನ್ನಡ ಸರಿಯಾಗಿ ಬರದ ಮಗು ಅದು. ಆ ಹಲ್ಲು, ಆ ಸಣಕಲು ಮೈ, ಗಾಬರಿಯಾದಾಗ ಉದ್ದವಾಗುವ ಆ ಕುತ್ತಿಗೆ, ಇದಕ್ಕೆಲ್ಲ ಯಾವ ತಾತನೂ ಬೇಕಿಲ್ಲ. ನರಸಿಂಹರಾಜು ನಗುವನ್ನು ಮೈಯಲ್ಲಿ ಇಟ್ಟಿದ್ದರು. ರೀಲು ಇರುವವರೆಗೆ ಅದು ಇರುತ್ತೆ. ಹಿರಣ್ಣಯ್ಯ ಅದನ್ನು ಅವತ್ತಿನ ದಿನದಲ್ಲಿ ಇಟ್ಟರು. ಆ ದಿನ ಹೋಯಿತು, ಕುರ್ಚಿಯಲ್ಲಿ ಕೂತ ಅಧಿಕಾರಿ ಹೋದರು, ನಿಮ್ಮ ಅಪ್ಪ ಹೋದರು. ಕ್ಯಾಮೆರಾ ಹಿಡಿದದ್ದು ರಂಗವನ್ನು ಮಾತ್ರ. ಕುತ್ತಿಗೆಯನ್ನು ಯಾರೂ ರೆಕಾರ್ಡ್ ಮಾಡಲಿಲ್ಲ.

ಹಾಗಾಗಿ ನಿಮ್ಮ ನಗುವಿಗೆ ಏನೂ ಆಗಿಲ್ಲ. ಅರ್ಧ ನಾಟಕ ನೋಡಿ ಪೂರ್ತಿ ನಗು ಬರಲಿಲ್ಲ ಅಂತ ಕೊರಗುತ್ತಿದ್ದೀರಿ.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ, ಅಭಿಮಾನಿಗಳು ಬೈದರೂ ಪರವಾಗಿಲ್ಲ. ಅವರ ಎಲ್ಲ ಮಾತಿಗೂ ನಾನು ನಕ್ಕಿಲ್ಲ. ಹೆಂಗಸರ ಮೇಲಿನ ಕೆಲವು ಮಾತು ಆಗಲೇ ಕಸಿವಿಸಿ ಮಾಡುತ್ತಿದ್ದವು, ಪಕ್ಕದಲ್ಲಿ ಅಕ್ಕ ಕೂತಿದ್ದಳು. ವಯಸ್ಸಾದ ಮೇಲೆ ನಾಟಕಕ್ಕಿಂತ ಭಾಷಣವೇ ಜಾಸ್ತಿ ಆಯಿತು ಅಂತಲೂ ಅನ್ನಿಸಿತ್ತು. ಒಮ್ಮೆ ಮಧ್ಯದಲ್ಲೇ ಎದ್ದು ಬಂದಿದ್ದೇನೆ. ಹಾಗಂತ 2019ರ ಮೇ 2ರಂದು ಸುದ್ದಿ ಬಂದಾಗ ನನಗೇನೂ ಕಡಿಮೆ ಆಗಲಿಲ್ಲ. 85 ವರ್ಷದ ತುಂಬು ಜೀವನ ಅಂತ ನಾವೇ ಬರೆದು ಪೇಜ್ ಕಳಿಸಿದೆವು. ಕಳಿಸಿ ಆದಮೇಲೆ ಆಫೀಸಿನಲ್ಲಿ ಒಬ್ಬರೂ ತಮಾಷೆ ಮಾಡಲಿಲ್ಲ. ಮಾಡಿದರೆ ಅವರ ಧಾಟಿಯಲ್ಲೇ ಬರುತ್ತಿತ್ತು. ಆ ಭಯ.

ಹೌದು, ಧಾಟಿ. ನೀವು ಜೋಕು ಹುಡುಕುತ್ತಾ ಯೂಟ್ಯೂಬಿಗೆ ಹೋದಿರಿ. ಅದು ನಿಮ್ಮ ಪತ್ರದ ನಾಲ್ಕನೇ ಪುಟದಲ್ಲೇ ಇದೆ. ‘ವಿ.ಸೂ.’ ಅಂತ ಹಾಕಿ ಸುಮ್ನೆ ಸೇರಿಸಿದ್ದೀರಿ. ನಿಮ್ಮ ಅನುಮತಿ ಇಲ್ಲದೆ ಅಚ್ಚು ಮಾಡುತ್ತಿದ್ದೇನೆ, ಕ್ಷಮಿಸಿ. ಅಪ್ಪನ ಮನೆಯ ಖಾತೆ ಬದಲಾವಣೆಗೆ ಆರು ತಿಂಗಳಿಂದ ಅಲೆಯುತ್ತಿದ್ದೀರಿ. ಮಗನನ್ನು ಕರೆದುಕೊಂಡು ಹೋದ ದಿನ ಕೌಂಟರಿನಲ್ಲಿ ಕೂತವರು ‘ಫೈಲು ಇನ್ನೂ ಮೇಲಿಂದ ಕೆಳಗೆ ಬಂದಿಲ್ಲಮ್ಮ’ ಅಂದರು. ನೀವು ಮುಖ ಗಂಟು ಹಾಕಿಕೊಳ್ಳಲಿಲ್ಲ, ದನಿ ಏರಿಸಲಿಲ್ಲ. ‘ಅಯ್ಯೋ, ಮೆಟ್ಟಿಲು ಇಳಿಯೋಕೆ ಮಂಡಿ ನೋವಾ ಅದಕ್ಕೆ? ಎಣ್ಣೆ ಹಚ್ಚಬೇಕು ಅಂದ್ರೆ ಹೇಳಿ ಸ್ವಾಮಿ. ಎಷ್ಟು ಬಾಟಲಿ ಅಂತ ಒಂದು ಬೋರ್ಡ್ ಹಾಕಿಬಿಡಿ, ಮನೆಯಿಂದಲೇ ತರ್ತೀನಿ’ ಅಂದಿರಿ. ಕ್ಯೂನಲ್ಲಿದ್ದ ಅಷ್ಟೂ ಜನ ನಕ್ಕರು. ನಿಮ್ಮ ಮಗ ನಕ್ಕು ನಕ್ಕು ಹೊರಗೆ ಹೋಗಿ ನಿಂತನಂತೆ. ಕೌಂಟರಿನವರೂ ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು ಅಂತ ಬರೆದಿದ್ದೀರಿ.

ನನಗೆ ಆ ಕರ್ಚೀಫು ಕಾಣಿಸಿತು.

ಮಗನಿಗೆ ಈ ಸಂಚಿಕೆ ತೋರಿಸಿ. ನಿಮ್ಮ ಯಜಮಾನರಿಗೂ ತೋರಿಸಿ, ಸೋದರಮಾವನ ವಿಷಯ ಇನ್ನಾದರೂ ಬಿಡಲಿ. ಅಂದ ಹಾಗೆ, ಖಾತೆ ಆಯ್ತಾ? ಫೈಲು ಕೆಳಗೆ ಇಳಿದ ದಿನ ಒಂದು ಕಾರ್ಡ್ ಹಾಕಿ. ಎಷ್ಟು ಬಾಟಲಿ ಹಿಡಿಯಿತು ಅಂತಲೂ ಬರೆಯಿರಿ. ಅಚ್ಚು ಹಾಕುತ್ತೇವೆ.

— ಸಂಪಾದಕ