ಉಚಿತ ಆನ್‌ಲೈನ್ ಕೋರ್ಸ್‌ಗಳಿಂದ ನಿಜವಾಗಿ ಕಲಿಯಬಹುದೇ? ಅವನ್ನು ತರಗತಿಯಲ್ಲಿ ಬಳಸಬಹುದೇ?

ನೀವು ಕೇಳಿರುವುದು ಎರಡು ವಿಷಯ. ಸಂಖ್ಯಾಶಾಸ್ತ್ರ ಕಲಿಯಲು ಖರ್ಚಿಲ್ಲದ ಒಳ್ಳೆಯ ಕೋರ್ಸ್ ಯಾವುದು ಎನ್ನುವುದು ಒಂದು. ನೀವೇ ಗಣಿತ ಹೇಳಿಕೊಡುವವರಾದ್ದರಿಂದ, ಅಲ್ಲಿ ಸಿಕ್ಕಿದ್ದನ್ನು ಪ್ರಿಂಟ್ ಮಾಡಿ ಮಕ್ಕಳಿಗೆ ಕೊಡಬಹುದಾ ಎನ್ನುವುದು ಇನ್ನೊಂದು. ಮೂರು ಕೋರ್ಸ್ ಶುರು ಮಾಡಿ ಮೂರನ್ನೂ ಅರ್ಧಕ್ಕೆ ಬಿಟ್ಟೆ ಎಂದೂ ಬೇಸರದಿಂದ ಬರೆದಿದ್ದೀರಿ. ನಾನೂ ಗಣಿತದ ಟೀಚರ್. ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಗಮನಿಸದೆ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಸೈಟಿನ ವಿಡಿಯೊಗಳು ನನಗೆ ಬಹಳ ಹಿಡಿಸಿದ್ದವು. ಬೀಜಗಣಿತದ ಪಾಠ ಪೂರ್ತಿ ಅವುಗಳ ಸುತ್ತಲೇ ಹೊಂದಿಸಿದೆ. ಯಾವ ದಿನ ಯಾವ ವಿಡಿಯೊ, ಅದಾದ ಮೇಲೆ ಯಾವ ಲೆಕ್ಕ, ಎಲ್ಲ ಬರೆದು ಮಕ್ಕಳ ಕೈಗೆ ಕೊಟ್ಟೆ. ಅರ್ಧ ಪಾಠ ಮುಗಿದಿತ್ತು. ಒಂದು ದಿನ ಲಿಂಕ್ ಒತ್ತಿದರೆ ಹಣ ಕಟ್ಟಿ ಎನ್ನುವ ಪುಟ ಬಂತು. ಕೆಲವು ಮಕ್ಕಳು ತಮ್ಮಿಂದಲೇ ಏನೋ ತಪ್ಪಾಗಿದೆ ಅಂದುಕೊಂಡು ಮತ್ತೆ ಮತ್ತೆ ಒತ್ತಿ ನೋಡಿದ್ದರಂತೆ. ಅದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಆ ಸೈಟಿನವರು ಮೋಸ ಮಾಡಲಿಲ್ಲ. ವಿಡಿಯೊ ಅವರದು, ಕೊಡುವುದೂ ನಿಲ್ಲಿಸುವುದೂ ಅವರಿಗೆ ಬಿಟ್ಟದ್ದು. ಇಟ್ಟುಕೊಳ್ಳಿ, ಹಂಚಿ ಎಂದು ಅವರು ಎಲ್ಲೂ ಬರೆದಿರಲಿಲ್ಲ. ನಾನು ಅದನ್ನು ಹುಡುಕಿಯೂ ಇರಲಿಲ್ಲ.

ಉಚಿತ ಬೇರೆ, ಮುಕ್ತ ಬೇರೆ. ಉಚಿತ ಅಂದರೆ ಇವತ್ತು ದುಡ್ಡು ಕೇಳುತ್ತಿಲ್ಲ, ಅಷ್ಟೇ. ಮುಕ್ತ ಅಂದರೆ ನಕಲು ತೆಗೆದು ಇಟ್ಟುಕೊಳ್ಳಬಹುದು, ಬೇರೆಯವರಿಗೆ ಕೊಡಬಹುದು, ಬಹಳಷ್ಟು ಸಲ ತಿದ್ದಿ ಬದಲಿಸಲೂಬಹುದು. ಪ್ರತಿ ಸಲ ಯಾರನ್ನೂ ಕೇಳಬೇಕಿಲ್ಲ. ಮುಂದೆ ಆ ಸೈಟ್ ಮುಚ್ಚಿದರೂ ನಿಮ್ಮ ಹತ್ತಿರ ಇರುವ ಪ್ರತಿ ನಿಮ್ಮದೇ. ಇಂಥ ಪಾಠಗಳಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎನ್ನುವ ಹೆಸರು ಬಂದದ್ದು 2002ರಲ್ಲಿ, ಯುನೆಸ್ಕೊ ಕರೆದ ಒಂದು ಸಭೆಯಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಎನ್ನುವ ಸಂಸ್ಥೆಯ ಮೊದಲ ಲೈಸೆನ್ಸ್‌ಗಳೂ, ಅಂದರೆ ಬರೆದವರು ಮೊದಲೇ ಕೊಟ್ಟಿಡುವ ಅನುಮತಿಗಳೂ ಬಂದವು. ನಮಗೆ ಹೆಚ್ಚು ಬೇಕಾಗುವುದು ಈ ಲೈಸೆನ್ಸ್.

ಪುಟದ ಕೆಳಗೆ ‘ಸಿಸಿ’ (CC, ಕ್ರಿಯೇಟಿವ್ ಕಾಮನ್ಸ್) ಎಂದು ಶುರುವಾಗುವ ಸಣ್ಣ ಗುರುತು ಇರುತ್ತದೆ. ಪುಸ್ತಕವಾದರೆ ಮೊದಲ ಪುಟಗಳಲ್ಲಿ ಇರುತ್ತದೆ. ‘ಬಿವೈ’ ಎಂದಿದ್ದರೆ ಮೂಲ ಬರೆದವರ ಹೆಸರು ಹಾಕಬೇಕು. ಅದೊಂದೇ ಇದ್ದರೆ ಬೇರೆ ಕಟ್ಟುಪಾಡು ಬಹಳ ಇಲ್ಲ. ‘ಎನ್‌ಸಿ’ ಸೇರಿದ್ದರೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ತರಗತಿಯಲ್ಲಿ ಸುಮ್ನೆ ಹಂಚುವ ನಮಗೆ ಅದರಿಂದ ತೊಂದರೆ ಇಲ್ಲ. ‘ಎಸ್‌ಎ’ ಇದ್ದರೆ ನೀವು ಬದಲಿಸಿ ಹಂಚುವುದನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು. ‘ಎನ್‌ಡಿ’ ಒಂದರ ಬಗ್ಗೆ ಮಾತ್ರ ಹುಷಾರಾಗಿರಿ. ಇದ್ದದ್ದನ್ನು ಇದ್ದ ಹಾಗೆ ಹಂಚಬಹುದೇ ಹೊರತು, ತಿದ್ದಿದ್ದನ್ನು ಅಥವಾ ಅನುವಾದ ಮಾಡಿದ್ದನ್ನು ಹಂಚುವ ಹಾಗಿಲ್ಲ. ನನ್ನ ಮಟ್ಟಿಗೆ ಟೀಚರ್ ಕೆಲಸಕ್ಕೆ ಅದು ಅರ್ಧ ಮಾತ್ರ ಉಪಯೋಗ. ಮಕ್ಕಳಿಗೆ ಅರ್ಥವಾಗುವ ಭಾಷೆಗೆ ತರುವುದು, ಉದಾಹರಣೆ ಬದಲಿಸುವುದು, ನಾಲ್ಕು ಲೆಕ್ಕ ಕಡಿಮೆ ಮಾಡುವುದು, ಇದೇ ತಾನೇ ನಾವು ದಿನಾ ಮಾಡುವ ಕೆಲಸ? ಯಾವ ಗುರುತೂ ಇಲ್ಲದಿದ್ದರೆ ಎಲ್ಲ ಹಕ್ಕೂ ಬರೆದವರದೇ ಎಂದು ತಿಳಿದು, ಪ್ರಿಂಟ್ ಮಾಡಿ ಹಂಚಬೇಡಿ. ಲಿಂಕ್ ಮಾತ್ರ ಕೊಡಿ.

ಈಗ ನಿಮ್ಮ ಸಂಖ್ಯಾಶಾಸ್ತ್ರ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಎಲ್ಲರಿಗೂ ಕೊಡುತ್ತೇವೆ ಎಂದು 2001ರಲ್ಲಿ ಹೇಳಿತು. ಅದೇ ಓಪನ್‌ಕೋರ್ಸ್‌ವೇರ್. ಅಲ್ಲಿ ಹೆಸರು ನೋಂದಾಯಿಸುವುದೂ ಬೇಕಿಲ್ಲ, ಲಾಗಿನ್ನೂ ಬೇಕಿಲ್ಲ. ಅದರಲ್ಲಿ 18.05 ಎಂಬ ಸಂಖ್ಯೆಯ ಕೋರ್ಸ್ ಹುಡುಕಿ. ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ ಎರಡನ್ನೂ ಬುಡದಿಂದ ಕಟ್ಟುತ್ತಾರೆ. ತರಗತಿಯ ಟಿಪ್ಪಣಿ, ಲೆಕ್ಕಗಳು, ಹಳೆಯ ಪರೀಕ್ಷೆಗಳು, ಅವುಗಳ ಉತ್ತರ, ಎಲ್ಲ ಇದೆ. ಸ್ವಲ್ಪ ಕಲನಶಾಸ್ತ್ರ (ಕ್ಯಾಲ್ಕುಲಸ್) ಗೊತ್ತಿರಬೇಕು. ಅದು ಮರೆತಿದ್ದರೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪುಸ್ತಕದಿಂದ ಶುರು ಮಾಡಿ. ಅವರು 2012ರಿಂದ ಇಂಥ ಪಠ್ಯಪುಸ್ತಕ ತರುತ್ತಿದ್ದಾರೆ. ಸಂಖ್ಯಾಶಾಸ್ತ್ರದ ಪರಿಚಯ ಪುಸ್ತಕಕ್ಕೆ ಬೀಜಗಣಿತ ಬಂದರೆ ಸಾಕು, ಪೂರ್ತಿ ಪಿಡಿಎಫ್ ಇಳಿಸಿಕೊಳ್ಳಬಹುದು. ಲೆಕ್ಕ ಮಾಡುತ್ತಾ ಎಲ್ಲೋ ಸಿಕ್ಕಿಹಾಕಿಕೊಂಡರೆ ಖಾನ್ ಅಕಾಡೆಮಿ ಎನ್ನುವ ಉಚಿತ ಪಾಠಗಳ ಸೈಟಿನಲ್ಲಿ ಆ ಒಂದು ವಿಷಯದ ವಿಡಿಯೊ ಮಾತ್ರ ನೋಡಿ ವಾಪಸ್ ಬನ್ನಿ.

ಮಕ್ಕಳಿಗೆ ತೋರಿಸಲು ಫೆಟ್ (PhET) ಇದೆ, ಗಣಿತ ಮತ್ತು ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಸೈಟ್. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಅದರಲ್ಲಿ ಪ್ಲಿಂಕೊ ಎನ್ನುವ ಒಂದು ಆಟವಿದೆ. ಮೊಳೆಗಳ ಸಾಲಿನ ಮೇಲಿಂದ ಚೆಂಡು ಬೀಳುತ್ತದೆ. ಹತ್ತು ಚೆಂಡು ಬಿಟ್ಟಾಗ ಏನೂ ಕಾಣುವುದಿಲ್ಲ. ನೂರು, ಇನ್ನೂರು ಆಗುವಷ್ಟರಲ್ಲಿ ನಡುವೆ ಎತ್ತರ, ಎರಡು ಕಡೆ ತಗ್ಗು, ಗಂಟೆಯ ಆಕಾರ ತಾನಾಗಿ ಎದ್ದು ಬರುತ್ತದೆ. ಬೋರ್ಡ್ ಮೇಲೆ ನಾನು ಎಷ್ಟೋ ಸಲ ಆ ಗೆರೆ ಎಳೆದಿದ್ದೆ. ಅದು ಹುಟ್ಟುವುದನ್ನು ಮಕ್ಕಳು ನೋಡಿದ ದಿನ ತರಗತಿ ಸದ್ದಿಲ್ಲದೆ ಕೂತಿತ್ತು.

ನೆಟ್ ಸರಿಯಾಗಿ ಸಿಗದ ಕಡೆ ಪಾಠ ಮಾಡುವವರಾದರೆ ಪಾಠಗಳನ್ನು ಇಳಿಸಿಟ್ಟುಕೊಳ್ಳುವ ಕೊಲಿಬ್ರಿ, ಕಿವಿಕ್ಸ್ ಎನ್ನುವ ಎರಡು ಸಾಫ್ಟ್‌ವೇರ್‌ಗಳನ್ನು ನೋಡಿ. ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನಡೆಯುತ್ತವೆ.

ಅರ್ಧಕ್ಕೆ ಬಿಟ್ಟಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ಲೆಕ್ಕ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿತ್ತು. 2017–18ರಲ್ಲಿ ಹೆಸರು ಕೊಟ್ಟ ನೂರು ಜನರಲ್ಲಿ ಮುಗಿಸಿದವರು ಸುಮಾರು ಮೂವರು. ಸರ್ಟಿಫಿಕೇಟಿಗೆ ಹಣ ಕಟ್ಟಿದವರಲ್ಲಿ ನೂರಕ್ಕೆ 46 ಜನ ಮುಗಿಸಿದ್ದರು. ಮನಸ್ಸು ಮಾಡಿ ಬಂದವರೇ ಹಣ ಕಟ್ಟಿರಬಹುದು, ಹಣವೇ ಓದಿಸಿತು ಎಂದು ನಾನು ಹೇಳುವುದಿಲ್ಲ. ಆದರೆ ಸುಮ್ನೆ ಹೆಸರು ಕೊಟ್ಟಷ್ಟಕ್ಕೆ ಕೋರ್ಸ್ ನಮ್ಮನ್ನು ಹಿಡಿದಿಡುವುದಿಲ್ಲ, ಅಲ್ವಾ?

ನನಗೆ ಸಹಾಯವಾದದ್ದು ಕ್ರಮ ತಿರುಗಿಸಿದ್ದು. ಎಂಐಟಿಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಗಿಲ್ಬರ್ಟ್ ಸ್ಟ್ರಾಂಗ್ ಅವರ ರೇಖೀಯ ಬೀಜಗಣಿತದ ಪಾಠಗಳನ್ನು ಓಪನ್‌ಕೋರ್ಸ್‌ವೇರ್‌ನಲ್ಲಿ ನೋಡುತ್ತಿದ್ದೆ. ಎಷ್ಟು ಚೆನ್ನಾಗಿ ಹೇಳುತ್ತಾರೆಂದರೆ, ಎಲ್ಲ ಅರ್ಥವಾಗಿಬಿಟ್ಟಿತು ಅನ್ನಿಸುತ್ತಿತ್ತು. ಆರು ಪಾಠ ಆದ ಮೇಲೆ ಲೆಕ್ಕದ ಹಾಳೆ ತೆರೆದರೆ ಮೊದಲನೆಯದಕ್ಕೇ ಕೈ ಓಡಲಿಲ್ಲ. ಅವತ್ತಿನಿಂದ ಲೆಕ್ಕವನ್ನೇ ಮೊದಲು ತೆಗೆಯುತ್ತೇನೆ. ಅರ್ಧ ಗಂಟೆ ಒದ್ದಾಡುತ್ತೇನೆ. ಎಲ್ಲಿ ನಿಂತೆ ಎಂದು ಒಂದು ಸಾಲು ಬರೆದಿಟ್ಟು, ಆಮೇಲೆ ವಿಡಿಯೊ ನೋಡುತ್ತೇನೆ. ಆಗ ನನಗೆ ಬೇಕಾದ ಮಾತು ಬಂದ ಕೂಡಲೇ ಕಿವಿ ನಿಮಿರುತ್ತದೆ. ಇದರಲ್ಲಿ ವೇಗ ಕಡಿಮೆ, ವಾರಕ್ಕೆ ಒಂದು ಪಾಠ ಮುಗಿದರೆ ಜಾಸ್ತಿ. ಆದರೂ ಒಂದು ಕೋರ್ಸನ್ನು ನಾನು ಮೊದಲ ಸಲ ಕೊನೆಯವರೆಗೆ ಓದಿದ್ದು ಹೀಗೆಯೇ. ಹಾಗಾಗಿ ಕೋರ್ಸ್ ಆರಿಸುವಾಗ ವಿಡಿಯೊ ಎಷ್ಟು ಚೆಂದ ಇದೆ ಎಂದು ನೋಡಬೇಡಿ. ಲೆಕ್ಕ ಇದೆಯಾ, ಅದಕ್ಕೆ ಬಿಡಿಸಿದ ಉತ್ತರ ಇದೆಯಾ, ಅದನ್ನು ನೋಡಿ.

ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಷ್ಟೋ ಕಡೆ ಪಾಠ ಉಚಿತ, ಸರ್ಟಿಫಿಕೇಟಿಗೆ ದುಡ್ಡು. ಓಪನ್‌ಕೋರ್ಸ್‌ವೇರ್‌ನಲ್ಲಿ ಸರ್ಟಿಫಿಕೇಟೇ ಇಲ್ಲ. ಕೆಲಸಕ್ಕೆ ಬೇಕೇಬೇಕು ಅಂದರೆ, ಸೇರುವ ಮೊದಲೇ ಯಾವುದಕ್ಕೆ ದುಡ್ಡು, ಯಾವ ಪರೀಕ್ಷೆ ಬೀಗದ ಹಿಂದಿದೆ ಎಂದು ಓದಿಕೊಳ್ಳಿ.

ಇನ್ನೊಂದು ವಿಷಯ. ನೀವು ಮಕ್ಕಳಿಗಾಗಿ ಮಾಡಿದ ಹಾಳೆಗಳನ್ನೂ ಹೀಗೇ ಲೈಸೆನ್ಸ್ ಬರೆದು ಹೊರಗಿಡಿ ಎಂದು ಕೇಳಿಕೊಳ್ಳುತ್ತೇನೆ. ಸಂಭವನೀಯತೆಯ ಮೇಲೆ ನಾನು ಮಾಡಿದ ಆರು ಹಾಳೆಗಳನ್ನು ‘ಸಿಸಿ ಬಿವೈ’ ಎಂದು ಬರೆದು ನೆಟ್‌ಗೆ ಹಾಕಿದ್ದೆ. ಎರಡು ತಿಂಗಳಾದ ಮೇಲೆ, ನಾನು ಎಂದೂ ಕಾಣದ ಒಬ್ಬ ಟೀಚರ್ ಅವನ್ನು ತಿದ್ದಿ ಕಳಿಸಿದರು. ಮೂರನೆಯ ಹಾಳೆಯ ನಾಲ್ಕನೆಯ ಲೆಕ್ಕಕ್ಕೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಎರಡು ವರ್ಷ ಅದೇ ತಪ್ಪನ್ನು ಬೋರ್ಡ್ ಮೇಲೆ ಬರೆದಿದ್ದೆ. ಈಗ ನನ್ನ ತರಗತಿಯಲ್ಲಿ ಹಂಚುವುದು ಅವರು ತಿದ್ದಿದ ಹಾಳೆಯನ್ನೇ, ಕೆಳಗೆ ಇಬ್ಬರ ಹೆಸರೂ ಇದೆ.